ಬಿಸಿ ಗೊರಸು

ಅಪ್ಪಾ,

ನೀವು ಲಾಳ ಹೊಡೆದ ಆ ಕಂದು ಹೆಣ್ಣುಕುದುರೆಯ ಓಟದ ದಾಖಲೆಯನ್ನು ಮೂವತ್ತೊಂದು ವರ್ಷವಾದರೂ ಯಾರೂ ಮುರಿದಿಲ್ಲ. ನೀವು ತೀರಿಕೊಂಡ ಮೇಲೆ, ಲಾಯದ ಗೋಡೆಯಲ್ಲಿರುವ ಅವಳ ಚಿತ್ರದ ಕೆಳಗೇ ಕೂತು ನಾನು ಲಾಳ ಹೊಡೆಯುತ್ತಿದ್ದೇನೆ.

ಇವತ್ತು ಅವಳ ಮೊಮ್ಮಗಳ ಓಟ. ಮುಂಗಾಲೆತ್ತಿ ಅಂಗೈ ಇಟ್ಟರೆ ಗೊರಸು ಸುಡುತ್ತಿತ್ತು. ಗೊರಸು ಬಿಸಿಯಿದ್ದರೆ ಒಳಗೆ ಏಟಾಗಿರುತ್ತದೆ, ಓಡಿಸಬಾರದು ಎಂದು ಕಲಿಸಿದವರು ನೀವೇ. ನಾನು ಬಾಯಿ ತೆರೆಯುವಷ್ಟರಲ್ಲಿ ತರಬೇತುದಾರರು ಬೆನ್ನು ತಟ್ಟಿ, "ನಿಮ್ಮಪ್ಪನ ಕೈಗುಣ ನಿಂಗೂ ಇದೆ ಕಣಯ್ಯ. ಅಜ್ಜಿ ದಾಖಲೆ ಇವತ್ತು ಮೊಮ್ಮಗಳೇ ಮುರೀತಾಳೆ" ಎಂದರು.

"ಎಲ್ಲಾ ಸರಿಯಾಗಿದೆ ಸಾರ್" ಅಂದುಬಿಟ್ಟೆ.

ಓಟಕ್ಕೆ ಇನ್ನು ಹತ್ತು ನಿಮಿಷವಿದೆ. ಈಗಲೂ ಓಡಿಹೋಗಿ ಹೇಳಬಹುದು, ಆದರೆ ಇಲ್ಲೇ ಕೂತು ನಿಮಗೆ ಬರೆಯುತ್ತಿದ್ದೇನೆ. ದಾಖಲೆ ಮಾಡಿ ಗೆದ್ದ ದಿನವೇ ಕುಂಟಿ, ಮತ್ತೆಂದೂ ಓಡದ ಆ ಅಜ್ಜಿಯ ಮಾತೆತ್ತಿದರೆ ನೀವು ಊಟ ಬಿಟ್ಟು ಎದ್ದುಹೋಗುತ್ತಿದ್ದಿರಿ.

ಅಪ್ಪಾ, ಅವತ್ತು ಅವಳ ಗೊರಸೂ ಬಿಸಿಯಿತ್ತೇ?