ಊಟವಾದ ಮೇಲೆ ಒಂದು ಸೈನು

ಊರ ಮನೆ, ಪೀಣ್ಯ
ಭಾನುವಾರ, 24 ಆಗಸ್ಟ್ 2025

ನನ್ನ ಮುದ್ದು ರಾಣಿಗೆ,

ನಿನ್ನ ಅತ್ತಿಗೆಯ ತುಂಬು ಮನಸ್ಸಿನ ಹಾರೈಕೆಗಳು. ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ ಎಂದು ಬರೆದರೆ ನೀನು ನಗುತ್ತೀಯ, ಅದಕ್ಕೇ ಬರೆಯುವುದಿಲ್ಲ. ಫೋನಿನಲ್ಲಿ ಯಾರ ಜೊತೆಗೂ ಮಾತು ಬೇಡ ಎಂದು ನಿನ್ನ ವಕೀಲರು ಹೇಳಿದ ಮೇಲೆ ನೀನು ನನ್ನ ಕರೆಯನ್ನೂ ಎತ್ತುತ್ತಿಲ್ಲ. ಸರಿಯಾಗಿಯೇ ಮಾಡಿದ್ದೀಯ. ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಊರ ರೇಡಿಯೋ ಎಂದು ಹೆಸರಿಟ್ಟವಳು ನೀನೇ ಅಲ್ಲವೇ? ಪಿಯುಸಿ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಟೀಚರಮ್ಮ ಕೆಂಪು ಪೆನ್ನಿನಲ್ಲಿ ತಿದ್ದಿಕೋ.

ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ. ಮಂಗಳವಾರ ಗೌರಿ ಹಬ್ಬಕ್ಕೆ ನಿಮ್ಮಣ್ಣ ತವರಿನ ಬಾಗಿನ ತೆಗೆದುಕೊಂಡು ದಾಸರಹಳ್ಳಿಯ ನಿನ್ನ ಮನೆಗೆ ಬರುತ್ತಾರೆ. ಊಟ ಮಾಡುತ್ತಾರೆ. ಹೋಳಿಗೆಗೆ ತುಪ್ಪ ಸಾಲದು ಎಂದು ನಿನ್ನನ್ನು ರೇಗಿಸುತ್ತಾರೆ. ಆಮೇಲೆ ಕೈ ತೊಳೆದು ಬಂದು ಒಂದು ಕಾಗದ ತೆಗೆದು ನಿನ್ನ ಮುಂದೆ ಇಡುತ್ತಾರೆ. ಅದಕ್ಕೆ ಸೈನು ಹಾಕಬೇಡ.

ನಮ್ಮ ಕಡೆ ಹೆಣ್ಣುಮಕ್ಕಳ ಸೈನು ಹೇಗೆ ಬೀಳುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತು. ಜಮೀನು ಮಾರಬೇಕಾದಾಗ ತವರಿನಿಂದ ಸೀರೆ ಬರುತ್ತದೆ, ಊಟಕ್ಕೆ ಕರೆ ಬರುತ್ತದೆ, ಊಟವಾದ ಮೇಲೆ ಎಲೆಅಡಿಕೆ ತಟ್ಟೆಯ ಪಕ್ಕದಲ್ಲಿ ಪೆನ್ನು ಬರುತ್ತದೆ. ಕೆರೆ ಕೆಳಗಿನ ಗದ್ದೆ ಹೋದಾಗ ನೀನು ಓದದೆ ಹಾಕಿದೆ. ಶೆಡ್ ಕಟ್ಟಿದ ಜಾಗಕ್ಕೂ ಹಾಗೇ ಹಾಕಿದೆ. ಓದಿ ಅರ್ಥ ಮಾಡಿಕೊಂಡು ಬರೆಯಿರಿ ಎಂದು ಮಕ್ಕಳಿಗೆ ದಿನವೂ ಹೇಳುವ ನೀನು, ಅಣ್ಣ ಕೊಟ್ಟ ಕಾಗದವನ್ನು ಓದಿದರೆ ಅಣ್ಣನಿಗೆ ಅವಮಾನ ಎಂದುಕೊಂಡೆ. ನಾನೇನು ಕಡಿಮೆಯೇ? ನನ್ನ ತವರಿನಲ್ಲಿ ನಾನೂ ಹಾಕಿ ಬಂದಿದ್ದೇನೆ. ಓದಲು ಕೂತರೆ ಮುಂದಿನ ಹಬ್ಬಕ್ಕೆ ಕರೆಯುವುದಿಲ್ಲ ಎಂಬ ಹೆದರಿಕೆ ನಮ್ಮೆಲ್ಲರಿಗೂ ಇದೆ. ಅವರಿಗೂ ಅದು ಗೊತ್ತು. ಅದಕ್ಕೇ ಹಬ್ಬದ ದಿನವನ್ನೇ ಆರಿಸಿಕೊಂಡಿದ್ದಾರೆ. ಶೆಡ್ಡಿನ ಬಾಡಿಗೆ ಕರಾರು ಮುಂದುವರಿಸಲು ಮನೆಯವರೆಲ್ಲರ ಸೈನು ಬೇಕು ಎಂದು ನಿಮ್ಮಣ್ಣ ಹೇಳಬಹುದು. ಅದು ಕರಾರಿನ ಕಾಗದ ಅಲ್ಲ.

ಗುರುವಾರ, ನಮ್ಮ ಶೆಡ್ಡನ್ನು ಬಾಡಿಗೆಗೆ ಹಿಡಿದಿರುವ ಕಂಪನಿಯ ಮ್ಯಾನೇಜರ್ ಬಾಲಾಜಿ ನಮ್ಮ ಮನೆಗೆ ಬಂದಿದ್ದರು. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಹೆಸರೆತ್ತಬಾರದು ಎಂದೇ ನಿನ್ನ ಮೇಲೆ ತಡೆಯಾಜ್ಞೆ ತಂದಿದ್ದಾರಲ್ಲ. ಬಾಲಾಜಿ ಬಹಳ ಮರ್ಯಾದಸ್ಥರು. ಚಪ್ಪಲಿ ಹೊರಗೆ ಬಿಟ್ಟರು, ನಿಮ್ಮಮ್ಮನ ಕಾಲಿಗೆ ನಮಸ್ಕಾರ ಮಾಡಿದರು, ಕಾಫಿಯನ್ನು ಹೊಗಳಿದರು. ನಂತರ ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ನಿಮ್ಮಣ್ಣನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ಕೇಳಿಸಿಕೊಂಡೆ. ನೀರಿನ ಬಗ್ಗೆ ನೀನು ವಿಡಿಯೋದಲ್ಲಿ ಹೇಳಿದ್ದೆಲ್ಲ ಸುಳ್ಳು, ಯಾರದೋ ಮಾತು ಕೇಳಿ ಹೇಳಿದೆ ಎಂದು ಒಪ್ಪಿಕೊಳ್ಳಬೇಕಂತೆ. ಇನ್ನು ಮೇಲೆ ಆ ಕಂಪನಿಯ, ಶೆಡ್ಡಿನ, ನೀರಿನ ಮಾತನ್ನು ಎಲ್ಲಿಯೂ ಯಾವತ್ತೂ ಆಡುವಂತಿಲ್ಲವಂತೆ. ಆಡಿದರೆ ಮಾನನಷ್ಟದ ದಾವೆಯಲ್ಲಿ ಕೇಳಿರುವ ಐದು ಕೋಟಿಯನ್ನೂ ನೀನೇ ಕೊಡಬೇಕಂತೆ. ಅದನ್ನು ರಾಜಿ ಎಂದು ಕೋರ್ಟಿಗೆ ಕೊಟ್ಟು ಕೇಸು ಮುಗಿಸುತ್ತಾರಂತೆ.

"ಕೇಸ್ ಗೆಲ್ಬೇಕು ಅಂತ ನಮಗೇನೂ ಇಲ್ಲ ಲೋಕೇಶಣ್ಣ, ಮೇಡಂ ಸುಮ್ನಾದ್ರೆ ಸಾಕು. ಎಷ್ಟು ವರ್ಷ ಬೇಕಾದ್ರೂ ನಡಿಲಿ, ನಮ್ಗೆ ವಕೀಲ್ರಿದ್ದಾರೆ" ಎಂದು ಅವರು ನಗುತ್ತಲೇ ಹೇಳಿದರು. ಹೊರಡುವ ಮೊದಲು ದಿವ್ಯಾ ಯಾವ ಕ್ಲಾಸು ಎಂದು ಕೇಳಿದರು. ನಿಮ್ಮಣ್ಣ ಬಾಯಿ ತೆರೆಯುವ ಮೊದಲೇ, "ಏಳನೇ ಕ್ಲಾಸ್ ಅಲ್ವಾ, ಬಿ ಸೆಕ್ಷನ್ನು" ಎಂದು ತಾವೇ ಹೇಳಿದರು. ನನ್ನ ಕೈ ತುರಿಮಣೆಗೆ ತಾಗಿ ಕೊಯ್ದುಕೊಂಡಿತು. ನಿನ್ನ ಮಗಳನ್ನು ಶಾಲೆಗೆ ನೀನೇ ಕರೆದುಕೊಂಡು ಹೋಗು, ನೀನೇ ಕರೆದುಕೊಂಡು ಬಾ. ನನಗೆ ಭಯವಾಗಿದೆ.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಶುಕ್ರವಾರ ಬಳೆ ತರುತ್ತೇನೆ ಎಂದು ಸುಳ್ಳು ಹೇಳಿ ಮೆಟ್ರೋ ಹತ್ತಿ ನಿನ್ನ ವಕೀಲರನ್ನು ನೋಡಲು ಹೋದೆ. ರಾಜೇಂದ್ರ ಅವರು ತಾಳ್ಮೆಯ ಮನುಷ್ಯ. ನನ್ನಂಥವಳನ್ನೂ ಕೂರಿಸಿ ಹೇಳಿದರು. ಬೇರೆ ಕೆಲವು ದೇಶಗಳಲ್ಲಿ, ಜನರ ಬಾಯಿ ಮುಚ್ಚಿಸಲಿಕ್ಕೇ ಹಾಕಿದ ಇಂಥ ಕೇಸನ್ನು ಶುರುವಿನಲ್ಲೇ ಎತ್ತಿ ಎಸೆಯುವ ಕಾನೂನು ಇದೆಯಂತೆ, ಹಾಕಿದವರೇ ಖರ್ಚು ತೆರಬೇಕಂತೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇನ್ನೂ ಇಲ್ಲವಂತೆ. ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ ಎಂದರು. ನಿಜ ಹೇಳಿದರೆ, ಅದೂ ಜನರ ಒಳ್ಳೆಯದಕ್ಕೆ ಹೇಳಿದರೆ, ಅದು ಮಾನನಷ್ಟ ಆಗುವುದಿಲ್ಲವಂತೆ. ಎದುರಿನವರ ಮಾತು ಕೇಳದೆ ಬಾಯಿಗೆ ಬೀಗ ಹಾಕುವ ಮೊದಲು ಹತ್ತು ಸಲ ಯೋಚಿಸಿ ಎಂದು ದೆಹಲಿಯ ದೊಡ್ಡ ಕೋರ್ಟೂ ಹೇಳಿದೆಯಂತೆ. ತಡೆಯಾಜ್ಞೆ ತೆಗೆಯಿರಿ, ದಾವೆಯನ್ನೇ ತಳ್ಳಿಹಾಕಿ ಎಂದು ಅವರು ಹಾಕಿರುವ ಅರ್ಜಿ ಹಬ್ಬ ಕಳೆದ ಮೇಲೆ ವಿಚಾರಣೆಗೆ ಬರುತ್ತದೆ. ಜಡ್ಜು ಅದನ್ನು ಕೇಳುವ ಮೊದಲು ನಿನ್ನ ಸೈನು ಬಿದ್ದರೆ ಆ ಅರ್ಜಿಗೆ ಬೆಲೆಯೇ ಇಲ್ಲ. ಬಾಲಾಜಿಯ ಅವಸರ ಅದಕ್ಕೇ.

ಊರಿನ ಸುದ್ದಿ ಕೇಳಿದರೆ ನಿನಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ. ನಿನ್ನ ವಿಡಿಯೋ ಹಂಚಿದವರಿಗೆಲ್ಲ ನೋಟಿಸು ಬಂದು, ಎಲ್ಲರೂ ಅಳಿಸಿಹಾಕಿದ್ದಾರೆ. ಮೊಮ್ಮಗನ ಮೈಮೇಲಿನ ಹುಣ್ಣು ತೋರಿಸಿ ನಿನ್ನ ಹತ್ತಿರ ಅತ್ತ ಮುನಿಯಕ್ಕ ಮೊನ್ನೆ ಅಂಗಡಿಯಲ್ಲಿ ಸಿಕ್ಕಿದಳು. "ಅಂಗೆಲ್ಲ ಏನೂ ಇಲ್ಲ ಕಣಮ್ಮ, ಸೆಕೆಗೆ ಬಂದಿತ್ತು, ಓಯ್ತು" ಎಂದು ಮುಖ ನೋಡದೆ ಹೇಳಿದಳು. ಹುಣ್ಣು ಹೋಗಿಲ್ಲ. ಮಗು ಅವಳ ಸೊಂಟದ ಮೇಲೇ ಇತ್ತು, ನಾನು ನೋಡಿದೆ. ಅವಳನ್ನು ಬೈಯಲು ಮನಸ್ಸಾಗಲಿಲ್ಲ.

ಇನ್ನೊಂದು ವಿಷಯ. ನಿನಗೆ ಸಮನ್ಸು ಬಂದ ವಾರದಿಂದ ನಮ್ಮ ಮನೆಗೆ ಕಂಪನಿಯವರೇ ಟ್ಯಾಂಕರ್ ನೀರು ಕಳಿಸುತ್ತಿದ್ದಾರೆ. ನಮ್ಮ ಮನೆಗೆ ಮಾತ್ರ. ಬೀದಿಯಲ್ಲಿ ಉಳಿದವರೆಲ್ಲ ಅದೇ ಹಳೆಯ ಬೋರ್‌ವೆಲ್ ನೀರನ್ನೇ ಹಿಡಿಯುತ್ತಾರೆ. ಬಿಂದಿಗೆಯಲ್ಲಿ ಅರಿಶಿನ ಕದಡಿದಂತೆ ಕಾಣುತ್ತದೆ, ಮೂಗಿಗೆ ತುಕ್ಕಿನ ವಾಸನೆ ಬಡಿಯುತ್ತದೆ. ಟ್ಯಾಂಕರಿನ ಮರೆಪ್ಪ ನಮ್ಮ ಸಂಪಿನೊಳಗೆ ಪೈಪು ಬಿಟ್ಟಾಗ ಹೆಂಗಸರು ಗೇಟಿನ ಆಚೆ ಖಾಲಿ ಕೊಡ ಹಿಡಿದು ನಿಂತಿರುತ್ತಾರೆ, ಅವನು ಕೊಡುವಂತಿಲ್ಲ. ನೀರು ಚೆನ್ನಾಗಿದೆ ಎಂದು ಕೋರ್ಟಿನಲ್ಲಿ ಹೇಳುವವರು ನಮಗೇಕೆ ಬೇರೆ ನೀರು ಕಳಿಸುತ್ತಾರೆ ಎಂದು ನಿಮ್ಮಣ್ಣನನ್ನು ಕೇಳಿದೆ. "ಊರ ಉಸಾಬರಿ ನಿಂಗ್ಯಾಕೆ, ಮುಚ್ಕೊಂಡ್ ಕುಡಿ" ಎಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಹಾಗೆ ಅಂದದ್ದು ಅದೇ ಮೊದಲು. ನಿಮ್ಮಮ್ಮ ಆ ನೀರನ್ನು ಮುಟ್ಟುತ್ತಿಲ್ಲ. ಕಾಲಿನ ಹುಣ್ಣು ಕೀವು ಕಟ್ಟಿದರೂ ಪಕ್ಕದ ಮನೆಯಿಂದ ಬೋರ್‌ವೆಲ್ ನೀರನ್ನೇ ತರಿಸಿಕೊಳ್ಳುತ್ತಾರೆ. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ" ಎಂದು ನಿನ್ನನ್ನು ನೆನೆದು ಗೊಣಗುತ್ತಾರೆ. ಹೆಣ್ಣುಮಗಳ ಮೇಲಿನ ಪ್ರೀತಿಯೋ, ಮಗನ ಮೇಲಿನ ಸಿಟ್ಟೋ, ನನಗೆ ತಿಳಿಯುತ್ತಿಲ್ಲ.

ಈಗ ನಾನು ಬಾಯಿ ಬಿಟ್ಟು ಹೇಳಲಾಗದ್ದು. ನಿನ್ನನ್ನು ಕೋರ್ಟಿನಲ್ಲಿ ಮತ್ತೆ ಮತ್ತೆ ಕೇಳುತ್ತಿರುವುದು ಒಂದೇ ಪ್ರಶ್ನೆ ಎಂದು ರಾಜೇಂದ್ರ ಅವರು ಹೇಳಿದರು: ವಿಡಿಯೋ ತೆಗೆದವರು ಯಾರು? ಎಲ್ಲಿಯೋ ತೆಗೆದದ್ದನ್ನು ತಂದು ನಮ್ಮದೆಂದು ತೋರಿಸಿದ್ದಾಳೆ ಎಂಬುದೇ ಅವರ ಇಡೀ ವಾದ. ತೆಗೆದವರು ಬಂದು ಪ್ರಮಾಣ ಮಾಡಿದರೆ ಆ ವಾದ ಮುರಿದು ಬೀಳುತ್ತದಂತೆ, ಕೇಸು ಬರೀ ಹೆದರಿಸಲಿಕ್ಕೆ ಹಾಕಿದ್ದು ಎಂದು ಜಡ್ಜಿಗೂ ಕಾಣುತ್ತದಂತೆ. "ಆಕೆ ಯಾರ ಹೆಸ್ರೂ ಹೇಳ್ತಿಲ್ಲಮ್ಮ, ಯಾರನ್ನೋ ಕಾಪಾಡ್ತಿದ್ದಾರೆ" ಎಂದು ಅವರು ನನ್ನ ಮುಖ ನೋಡಿದರು. ಅದು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಾಗದೆ ಎದ್ದು ಬಂದೆ.

ಯುಗಾದಿ ರಜೆಯಲ್ಲಿ, ಕಂಪನಿಗೆ ಬಾಗಿಲು ಹಾಕಿದ್ದಾಗ, ತಾರಸಿಯ ಮೇಲೆ ಸಂಡಿಗೆ ಒಣಹಾಕುತ್ತಿದ್ದವಳು ನಾನು. ಶೆಡ್ಡಿನ ಹಿಂದೆ ಕಂಪನಿಯ ಆಳುಗಳು ಪೈಪು ಎಳೆದು ನಮ್ಮ ಬತ್ತಿದ ಬೋರ್‌ವೆಲ್ಲಿನೊಳಗೆ ಹಳದಿ ಕೊಳೆನೀರು ಬಿಡುತ್ತಿದ್ದುದನ್ನು ನೋಡಿದವಳು, ಫೋನಿನಲ್ಲಿ ತೆಗೆದು ನಿನಗೆ ಕಳಿಸಿದವಳು ನಾನು. ಜನಕ್ಕೆ ತೋರಿಸು, ನಿನಗೆ ಮಾತು ಬರುತ್ತದೆ ಎಂದು ನಿನ್ನನ್ನು ಮುಂದೆ ತಳ್ಳಿದವಳೂ ನಾನೇ. ನೀನು ನಿನ್ನ ಮುಖ, ನಿನ್ನ ಹೆಸರು ಹಾಕಿಕೊಂಡು ನಿಂತೆ. "ನಿಮ್ಮ ಹೆಸ್ರು ಬಂದ್ರೆ ಆ ಮನೆಲಿ ನಿಮಗಿರಕ್ಕಾಗಲ್ಲ ಅತ್ತಿಗೆ" ಎಂದೆ. ಈಗ ನಿನ್ನ ಕಾನ್ವೆಂಟಿನವರು ಕೆಲಸಕ್ಕೆ ಬರಬೇಡ ಎಂದಿದ್ದಾರೆ, ನಾನಿಲ್ಲಿ ಟ್ಯಾಂಕರ್ ನೀರು ಕುಡಿದುಕೊಂಡು ಕೂತಿದ್ದೇನೆ. ಗಂಟಲಲ್ಲಿ ಇಳಿಯುವುದಿಲ್ಲ ಕಣೇ.

ಆ ಬೋರ್‌ವೆಲ್ಲಿಗೆ ಕಬ್ಬಿಣದ ಮುಚ್ಚಳವಿದೆ, ಬೀಗವಿದೆ. ಬೀಗದ ಕೈ ಕಂಪನಿಯವರ ಹತ್ತಿರ ಯಾವತ್ತೂ ಇರಲಿಲ್ಲ. ಅದು ನಮ್ಮ ಬೀರುವಿನಲ್ಲಿತ್ತು. ಇದನ್ನು ನಿನಗೆ ಇಷ್ಟು ದಿನ ಹೇಳಿರಲಿಲ್ಲ. ನಿಮ್ಮಣ್ಣ ಕೆಟ್ಟವರಲ್ಲ ರಾಣಿ, ಹೆದರಿದ್ದಾರೆ. ಮೊದಲ ಸಲ ಕೊಡುವಾಗ ಅವರಿಗೇನು ತಿಳಿದಿತ್ತೋ, ಆಮೇಲೆ ಕೊಡದಿರಲು ಆಗಲಿಲ್ಲವೋ. ರಾತ್ರಿ ಪಕ್ಕದಲ್ಲಿ ಮಲಗಿದವರನ್ನು ಕೇಳಲು ನನಗೆ ಧೈರ್ಯ ಸಾಲದು.

ಆದರೆ ಕೋರ್ಟಿನಲ್ಲಿ ಹೇಳಲು ಧೈರ್ಯ ಮಾಡಿದ್ದೇನೆ. ವಿಚಾರಣೆಯ ದಿನ ನಾನು ಬರುತ್ತೇನೆ. ತೆಗೆದದ್ದು ನಾನೇ, ನಮ್ಮ ತಾರಸಿಯಿಂದಲೇ ಎಂದು ಹೇಳುತ್ತೇನೆ. ಅಲ್ಲಿಯವರೆಗೆ ನೀನು ಸೈನು ಹಾಕದೆ ತಡೆದುಕೋ, ನನ್ನ ಹೆಸರನ್ನು ಯಾರಿಗೂ ಹೇಳಬೇಡ. ಮೊದಲೇ ತಿಳಿದರೆ ನನ್ನನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ, ನನ್ನ ಮೇಲೂ ಒಂದು ದಾವೆ ಬೀಳುತ್ತದೆ. ನಿಮ್ಮಣ್ಣ ಅತ್ತರೆ ಕರಗಬೇಡ, ಅಳುತ್ತಾರೆ. ತವರು ತಪ್ಪುತ್ತದೆ ಎಂದು ಹೆದರಬೇಡ. ನಾನಿರುವ ಕಡೆ ನಿನಗೆ ತವರು ಇದೆ.

ಈ ಕಾಗದವನ್ನು ಬಾಗಿನದ ಮೊರದಲ್ಲಿ ರವಿಕೆ ಕಣದ ಅಡಿಗೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಸುತ್ತುತ್ತೇನೆ. ಗಂಡಸರು ಬಾಗಿನ ಬಿಚ್ಚುವುದಿಲ್ಲ, ನಮ್ಮ ಹೆಂಗಸರ ಅಂಚೆಪೆಟ್ಟಿಗೆ ಅದು. ಬಂದ ಕೂಡಲೇ ದೇವರ ಮನೆಗೆ ತೆಗೆದುಕೊಂಡು ಹೋಗಿ ಬಿಚ್ಚು. ಓದಿ ಸುಟ್ಟುಬಿಡು. ದಿವ್ಯಾಗೆ ನನ್ನ ಮುತ್ತು. ಶ್ರೀಧರ್ ಅವರಿಗೆ, ಹೆಂಡತಿಯ ಜೊತೆ ನಿಂತದ್ದಕ್ಕೆ ಅತ್ತಿಗೆ ಹೋಳಿಗೆ ಬಾಕಿ ಇಟ್ಟಿದ್ದಾಳೆ ಎಂದು ಹೇಳು.

ಸದಾ ನಿನ್ನ ಜೊತೆಗಿರುವ
ನಿನ್ನ ಅತ್ತಿಗೆ,
ಮುನಿಲಕ್ಷ್ಮಿ

ಮರುಬರಹ, ಮಂಗಳವಾರ: ರಾಣಿ, ಇದು ನಿಮ್ಮತ್ತಿಗೆಯಲ್ಲ, ನಾನು ಲೋಕೇಶ. ಬಾಗಿನವನ್ನು ನಾನು ಬಿಚ್ಚಲಿಲ್ಲ. ಬಾಲಾಜಿ ಅವರು ಜೊತೆಗೆ ಬರುತ್ತೇನೆಂದು ಕಾರು ಹತ್ತಿದರು, ಮೊರವನ್ನು ಅವರೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಜಾಲಹಳ್ಳಿ ಕ್ರಾಸ್ ದಾಟುವುದರೊಳಗೆ ದಾರ ಬಿಚ್ಚಿ ನೋಡಿದರು. ಎಲ್ಲಾ ಓದಿ, ಪ್ರತಿ ಪುಟದ ಫೋಟೋ ತೆಗೆದು ಯಾರಿಗೋ ಕಳಿಸಿದರು. ಬೀಗದ ಕೈ ವಿಷಯವನ್ನು ಅವಳು ಬರೆಯಬಾರದಿತ್ತು. ನೀನು ಇವತ್ತು ಸೈನು ಹಾಕಿದರೆ ಅವಳ ಹೆಸರನ್ನು ಮರೆತುಬಿಡುತ್ತಾರಂತೆ, ಇಲ್ಲದಿದ್ದರೆ ಗಣೇಶನ ಹಬ್ಬ ಮುಗಿದ ಮಾರನೆಯ ದಿನ ಅವಳೂ ಪ್ರತಿವಾದಿ. ಕಾಗದವನ್ನು ಇದ್ದ ಹಾಗೇ ಇಟ್ಟು ಕೊಡು, ಮೇಡಂ ಓದಿಕೊಳ್ಳಲಿ ಎಂದು ಬಾಲಾಜಿ ಅವರೇ ಹೇಳಿದರು. ಇಷ್ಟನ್ನೂ ಬರೆಯಲು ಪೆನ್ನು ಕೊಟ್ಟವರೂ ಅವರೇ. ಅವಳಿಗೆ ಇದೊಂದೂ ಗೊತ್ತಿಲ್ಲ, ಗೇಟಿನವರೆಗೆ ಬಂದು ನಗುನಗುತ್ತಾ ಕಳಿಸಿದಳು. ನೀನು ಇದನ್ನು ಓದುವಾಗ ನಾವಿಬ್ಬರೂ ನಿನ್ನ ಹಾಲ್‌ನಲ್ಲಿ ಕೂತಿರುತ್ತೇವೆ. ಓದಿ ಮುಗಿಸಿ ಹೊರಗೆ ಬಾ.