ಗುಲಗಂಜಿ ಹುಳದ ಚಿತ್ರ

ಯಾದಗಿರಿ
೯ ಜನವರಿ ೧೯೫೭

ಅಕ್ಕ ಮಲಕಮ್ಮನಿಗೆ ತಮ್ಮ ಅಮೋಘಸಿದ್ದನ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ. ನಾನು ಕೊಟ್ಟ ತಂಬಾಕನ್ನು ಕುದಿಸಿ ಕುಸುಬಿ ಬೆಳೆಗೆ ಹೊಡೆಸಬೇಡ. ಸಂಕ್ರಾಂತಿಯ ಮರುದಿನ ಆಳು ಹಚ್ಚುತ್ತೇನೆಂದು ನೀನು ಹೇಳಿದ್ದೆ. ಹಚ್ಚಬೇಡ.

ಎಳ್ಳು ಅಮಾಸೆಗೆ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲುವಾಗ ನೀನು ಕುಸುಬಿಯ ಟೊಂಗೆ ಬಗ್ಗಿಸಿ ತೋರಿಸಿದೆ. ಕಪ್ಪಗೆ ರಸ ಹೀರುವ ಹೇನು ಮುತ್ತಿತ್ತು. "ಈ ಬೆಳಿ ಮನಿಗಿ ಬಂದ್ರ ಹೊಲ ನನ್ನ ಕೈಯಾಗ ಇರತೈತಿ. ಇಲ್ಲಂದ್ರ ಗಂಡನ ಅಣ್ಣ ಹಣಮಂತ್ರಾಯ ಭಾವಗ ಬಿಡಬೇಕಂತ ಪಂಚರು ಹೇಳ್ಯಾರ. ನೀ ಓದಿದಾಂವ ಇದ್ದೀ, ಏನರ ಹೇಳೋ ತಮ್ಮಾ" ಎಂದೆ. ಗಂಡನನ್ನು ಕಳೆದುಕೊಂಡ ಮೇಲೆ ನೀನು ನನ್ನನ್ನು ಕೇಳಿದ್ದು ಅದೊಂದೇ.

ಇಲ್ಲಿನ ಬೀಜದ ಫಾರಂನಲ್ಲಿ ನಿಜಾಮರ ಕಾಲದ ಉರ್ದು ಕಾಗದಪತ್ರ ಕನ್ನಡಕ್ಕೆ ಬರಬೇಕೆಂದು ಬಿ.ಎ. ಮಾಡಿದ ನನ್ನನ್ನು ತೆಗೆದುಕೊಂಡಿದ್ದಾರೆ. ತಂಬಾಕಿನ ಕಷಾಯದ ಉರ್ದು ಕರಪತ್ರವನ್ನು ಕನ್ನಡಕ್ಕೆ ಮಾಡಿದವನೂ ನಾನೇ. ಅಮಾಸೆಗೆ ಮೊದಲೇ ಅದನ್ನು ಫಾರಂನ ಕುಸುಬಿಯ ಆರು ಸಾಲಿಗೆ ಹೊಡೆದರು. ಎರಡೇ ದಿನಕ್ಕೆ ಹೇನು ಉದುರಿತು. ಸಾಹೇಬರು ಸಂತೋಷಪಟ್ಟು ವರದಿ ಬರೆಸಿದರು. ಆದರೆ ಸಾಲಿನ ಬುಡದಲ್ಲಿ ಗುಲಗಂಜಿ ಹುಳಗಳೂ ಅಂಗಾತ ಬಿದ್ದಿದ್ದವು. ಚಿಕ್ಕಂದಿನಲ್ಲಿ ನಾವು ಅಂಗೈ ಮೇಲೆ ಹತ್ತಿಸಿಕೊಳ್ಳುತ್ತಿದ್ದ, ಕೆಂಪು ಬೆನ್ನಿಗೆ ಕರಿ ಚುಕ್ಕೆಯ ಅವೇ. ಹೇನನ್ನು ತಿಂದು ಬದುಕುವ ಹುಳ ಅದು. "ಸಾಹೇಬ್ರಿಗಿ ಕಳ್ಳ ಸತ್ತದ್ದು ಕಂಡೈತಿ, ಕಾವಲಿಯಾಂವ ಸತ್ತದ್ದು ಕಂಡಿಲ್ಲ ನೋಡ್ರಿ" ಎಂದು ಆಳು ಮೌನಪ್ಪ ನನ್ನ ಕಿವಿಯಲ್ಲಿ ಹೇಳಿದ. ವರದಿ ಬರೆದ ಕೈ ನನ್ನದು. ಹುಳ ಸತ್ತದ್ದನ್ನು ಅದರಲ್ಲಿ ಸೇರಿಸಲಿಲ್ಲ.

ಅಕ್ಕ, ಚರಗದ ದಿನವೂ ನನಗೆ ಇದು ಗೊತ್ತಿತ್ತು. ನಿನ್ನ ಮುಂದೆ ಜಾಣನೆನಿಸಿಕೊಳ್ಳುವ ಆಸೆಗೆ ಅದನ್ನು ನುಂಗಿಕೊಂಡು ತಂಬಾಕು ಕೊಟ್ಟೆ.

ಈಗ ಆ ಆರೂ ಸಾಲಿಗೆ ಹೇನು ಮರಳಿ ಬಂದಿದೆ, ಮೊದಲಿಗಿಂತ ದಟ್ಟವಾಗಿ. ತಿನ್ನುವವರಿಲ್ಲ. ಎಲೆಗಳು ಜಿಗಿ ಹಿಡಿದು ಕಪ್ಪಾಗಿವೆ, ಮೊಗ್ಗು ಬಾಡುತ್ತಿವೆ. ಮೌನಪ್ಪ ತಾನಾಗಿಯೇ ಬೇರೊಂದು ಸಾಲಿಗೆ ಬೇವಿನ ಬೀಜ ಕುಟ್ಟಿ ನೆನೆಸಿದ ನೀರು ಹೊಡೆದಿದ್ದ. ಅಲ್ಲಿ ಹೇನು ಕಡಿಮೆಯಾಗಿದೆ, ಗುಲಗಂಜಿ ಹುಳ ಓಡಾಡುತ್ತಿವೆ. ನೀನೂ ಅಷ್ಟೇ ಮಾಡು.

ನಾನೇ ಬರಬೇಕಿತ್ತು. ರಜೆಯ ಚೀಟಿ ಹಿಡಿದು ಸಾಹೇಬರ ಬಾಗಿಲಲ್ಲಿ ಎರಡು ಸಲ ನಿಂತು ಹಿಂದಿರುಗಿದೆ. ನಾಳೆ ಮತ್ತೆ ನಿಲ್ಲುತ್ತೇನೆ. ಸುರಪುರದ ಟಪಾಲಿನಲ್ಲಿ ಈ ಪತ್ರ ನನಗಿಂತ ಮೊದಲು ಮುಟ್ಟಲಿ.

ನಿನ್ನ ಹೊಲಕ್ಕೆ ಕೇಡು ಕಳಿಸಿದ ತಮ್ಮ,
ಅಮೋಘಸಿದ್ದ

ತಾ.ಕ.: ಹಣಮಂತ್ರಾಯ ಭಾವ, ಅಕ್ಕನಿಗೆ ಅಕ್ಷರ ಬರುವುದಿಲ್ಲ. ನನ್ನ ಪತ್ರಗಳನ್ನೆಲ್ಲ ನೀವೇ ಓದಿ ಹೇಳುತ್ತೀರಿ. ಬೆಳೆ ಹೋದರೆ ಹೊಲ ಬರುವುದು ನಿಮಗೇ ಎಂಬುದನ್ನೂ ಬಲ್ಲೆ. ಆದರೂ ಪೂರ್ತಿ ಓದಿರಿ, ಕಾಲಿಗೆ ಬೀಳುತ್ತೇನೆ. ಪ್ರತಿ ಪತ್ರದ ಕೆಳಗೆ ಅವಳಿಗೆಂದು ನಾನೊಂದು ಚಿತ್ರ ಬರೆಯುತ್ತೇನೆ. ನೀವು ಓದಿ ಮುಗಿಸಿದೊಡನೆ ಅದನ್ನು ನೋಡಲು ಅವಳು ಕಾಗದ ಇಸಿದುಕೊಳ್ಳುತ್ತಾಳೆ. ಈ ಸಲ ತಂಬಾಕಿನ ಎಲೆಯ ಕೆಳಗೆ ಅಂಗಾತ ಬಿದ್ದ ಗುಲಗಂಜಿ ಹುಳವನ್ನು ಬರೆದಿದ್ದೇನೆ. ಅವಳು ಅದರ ಮೇಲೆ ಬೆರಳಿಟ್ಟು, ತಂಬಾಕಿನ ಕೆಳಗೆ ಈ ಹುಳ ಯಾಕೆ ಸತ್ತಿದೆಯೆಂದು ನಿಮ್ಮನ್ನೇ ಕೇಳುತ್ತಾಳೆ.