ಮೇಷ್ಟ್ರಿಗೆ ಸಕ್ಕರೆ ಬಂದಿದೆ

ಮನೆ, ಅಂಗಡಿಯ ಮಹಡಿ
ಭಾನುವಾರ ಬೆಳಿಗ್ಗೆ, ಮಾರ್ಚ್ ೧೭

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಅಂಗೈ ಬಿರುಕು ವಾಸಿಯಾಯಿತೇ? ಐಸ್ ಕಾರ್ಖಾನೆಯಲ್ಲಿ ಕೈಗವಸು ಹಾಕದೆ ಗಡ್ಡೆ ಎತ್ತುತ್ತೀಯಂತೆ, ನಿನ್ನ ಜೊತೆಗಾರ ಫೋನಿನಲ್ಲಿ ಚಾಡಿ ಹೇಳಿದ. ಜೀವಂತ ಮೀನುಗಳ ಮನೆಯಲ್ಲಿ ಬೆಳೆದವನು ಸತ್ತ ಮೀನಿಗೆ ಐಸ್ ಒಡೆಯುತ್ತ ಕೂತಿದ್ದೀಯಲ್ಲ, ನಿನ್ನ ಹಠಕ್ಕೆ ಏನು ಹೇಳಲಿ. ಅಮ್ಮ ಆರೋಗ್ಯವಾಗಿದ್ದಾಳೆ, ಮಂಡಿನೋವು ಇದ್ದದ್ದೇ. ನಾನೂ ಗುಂಡುಕಲ್ಲಿನ ಹಾಗಿದ್ದೇನೆ. ಚೆನ್ನಾಗಿಲ್ಲದವರು ಒಬ್ಬರೇ, ನಿನ್ನ ಮೇಷ್ಟ್ರು.

ಗಾಬರಿಯಾಗಬೇಡ, ಬದುಕಿದ್ದಾರೆ. ಆದರೆ ಹನ್ನೊಂದು ದಿನದಿಂದ ಅಜ್ಜಿ ಕೋಣೆಯಲ್ಲಿದ್ದಾರೆ. ತಪ್ಪು ನನ್ನದೇ, ಮುಚ್ಚುಮರೆ ಯಾಕೆ. ಅಂಗಡಿಗೆ ಹೊಸದೊಂದು ನೀಲಿ ಮೀನು ಬಂದಿತ್ತು, ಮೈಮೇಲೆ ಒಂದು ಚುಕ್ಕೆಯಿಲ್ಲ, ಗೀರಿಲ್ಲ. ಅದರ ಅಂದಕ್ಕೆ ಮರುಳಾಗಿ, ಹೊಸಬರನ್ನು ಒಂದು ತಿಂಗಳು ಬೇರೆ ಇಡುವ ಅಪ್ಪನ ನಿಯಮವನ್ನು ಗಾಳಿಗೆ ತೂರಿ, ಸೀದಾ ಮೇಷ್ಟ್ರ ಉಪ್ಪುನೀರಿನ ತೊಟ್ಟಿಗೇ ಬಿಟ್ಟೆ. ನಾಲ್ಕನೇ ದಿನ ಅದು ಸತ್ತಿತು. ಆರನೇ ದಿನ ಮೇಷ್ಟ್ರು ಊಟ ಬಿಟ್ಟರು. ಪರೀಕ್ಷಾ ಕೊಠಡಿ ಕಾಯುವವರ ಹಾಗೆ ದಿನವಿಡೀ ಗಸ್ತು ತಿರುಗುತ್ತಾರೆಂದು ನೀನು ಹೆಸರಿಟ್ಟ ಆ ಹಳದಿ ಮೀನು, ಒಂದು ಮೂಲೆ ಹಿಡಿದು ನಿಂತುಬಿಟ್ಟಿತು. ನೋಡು, 'ನಿಂತುಬಿಟ್ಟಿತು' ಎಂದು ಬರೆದೆ. ಅಪ್ಪನನ್ನೇ ಏಕವಚನದಲ್ಲಿ ಕರೆಯುವ ಮನೆಯಲ್ಲಿ ಮೀನಿಗೆ ಮಾತ್ರ ಬಹುವಚನ ತಪ್ಪಕೂಡದು ಎಂದು ನೀನು ಜಗಳಕ್ಕೆ ಬರುತ್ತಿದ್ದೆ.

ಅಜ್ಜಿ ಹೋದ ಮೇಲೆ ಅಪ್ಪ ಮೀನುಗಳ ಆಸ್ಪತ್ರೆ ಮಾಡಿದ ಆ ಅಜ್ಜಿ ಕೋಣೆ ನೀನು ಬಿಟ್ಟುಹೋದ ಹಾಗೇ ಇದೆ. ಅದೇ ಬರಿಗಾಜಿನ ತೊಟ್ಟಿಗಳು, ಮರಳಿಲ್ಲ, ಕಲ್ಲಿಲ್ಲ, ಬಚ್ಚಿಟ್ಟುಕೊಳ್ಳಲು ಒಂದು ತುಂಡು ಪೈಪು ಮಾತ್ರ. 'ಅಜ್ಜಿ ಕೋಣೆಯಲ್ಲಿ ಒಬ್ರು ಮಲಗಿದ್ದಾರೆ' ಎಂದು ಅಮ್ಮ ಯಾರಿಗೋ ಹೇಳಿ, ಪಕ್ಕದ ಮನೆಯವರು ಹಣ್ಣು ಹಿಡಿದುಕೊಂಡು ನೋಡಲು ಬಂದದ್ದು ನೆನಪಿದೆಯೇ? ಹಣ್ಣೆಲ್ಲ ತಿಂದವನು ನೀನೇ. ಕಾಯಿಲೆ ಮೀನು ಬಂದಾಗಲೆಲ್ಲ ಅಪ್ಪ ನಮ್ಮಿಬ್ಬರನ್ನೂ ಗಾಜಿನ ಮುಂದೆ ಕೂರಿಸಿ ಚೀಟಿ ಕೊಡುತ್ತಿದ್ದ. ಮಾತಾಡಕೂಡದು, ಕಂಡದ್ದನ್ನು ಬರೆಯಬೇಕು. ನಾನು ಒಂದು ಕಾಯಿಲೆ ಕಂಡುಹಿಡಿಯುವಷ್ಟರಲ್ಲಿ ನೀನು ಮೂರು ಬರೆದು ಪೆನ್ಸಿಲ್ ಕಚ್ಚುತ್ತ ಕೂತಿರುತ್ತಿದ್ದೆ. ಆಗ ನಿನ್ನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಈ ಸಲ ಒಬ್ಬಳೇ ಚೀಟಿ ಹಿಡಿದು ಕೂತಾಗ ಅಳುವೇ ಬಂತು.

ಮೊದಲು ಕಂಡದ್ದು ಮೈಮೇಲಿನ ಬಿಳಿ ಹರಳು, ನಮ್ಮ ಮನೆಯ ಭಾಷೆಯಲ್ಲಿ ಸಕ್ಕರೆ. ಎರಡನೆಯದು ರೆಕ್ಕೆಯ ಅಂಚು ಕೆಂಪಾಗಿ ಕೊಳೆಯುತ್ತಿದ್ದದ್ದು. ಆದರೆ ಇವೆರಡಕ್ಕೇ ಅಷ್ಟು ಏದುಸಿರು ಯಾಕೆ? ಕಿವಿರು ನಿಮಿಷಕ್ಕೆ ನೂರಿಪ್ಪತ್ತು ಸಲ ಬಡಿಯುತ್ತಿತ್ತು, ಕೆನ್ನೆಯನ್ನು ಪೈಪಿಗೆ ಉಜ್ಜುತ್ತಿದ್ದರು. ತೊಟ್ಟಿಯ ನೀರಿನಷ್ಟೇ ಬೆಚ್ಚಗಿನ ಸಿಹಿನೀರಿನಲ್ಲಿ ಐದು ನಿಮಿಷ ಅದ್ದಿ ತೆಗೆದೆ. ಬೋಗುಣಿಯ ತಳದಲ್ಲಿ ಪುಟ್ಟ ಬಿಳಿ ಹುಳುಗಳು ಉದುರಿದ್ದವು. ಮೂರು ಕಾಯಿಲೆ, ಒಂದು ಜೀವ. ಮೂರು ಔಷಧಿಯನ್ನೂ ಒಟ್ಟಿಗೆ ಸುರಿದರೆ ಔಷಧಿಯೇ ಕೊಲ್ಲುತ್ತದೆ. 'ಮೊದ್ಲು ಉಸಿರು ನೋಡು, ಮಿಕ್ಕಿದ್ದು ಕಾಯುತ್ತೆ' ಎನ್ನುತ್ತಿದ್ದನಲ್ಲ ಅಪ್ಪ, ಹಾಗೇ ಹುಳುವಿನ ಔಷಧಿಯಿಂದ ಶುರುಮಾಡಿದೆ. ಅಷ್ಟರಲ್ಲಿ ಸಕ್ಕರೆ ಹೆಚ್ಚದಿರಲೆಂದು ಮೂರು ದಿನಕ್ಕೊಮ್ಮೆ ತೊಳೆದ ಬೇರೆ ತೊಟ್ಟಿಗೆ ಸಾಗಿಸಿದೆ. ವಾರದ ನಂತರ, ಮೊಟ್ಟೆಯೊಡೆದ ಮರಿಹುಳುಗಳಿಗೆ ಎರಡನೇ ಸಲ. ಮೊನ್ನೆಯಿಂದ ಸಕ್ಕರೆಗೆ ತಾಮ್ರದ ಔಷಧಿ, ತೊಟ್ಟು ತೊಟ್ಟಾಗಿ, ಎರಡು ಹೊತ್ತೂ ನೀರು ಪರೀಕ್ಷಿಸಿಕೊಂಡು. ರೆಕ್ಕೆಯ ಔಷಧಿಯನ್ನು ಊಟದಲ್ಲಿ ಬೆರೆಸಿ ಕೊಡಬೇಕು. ಕಷ್ಟ ಇರುವುದೇ ಅಲ್ಲಿ. ಕಿವಿರು ಈಗ ಎಂಬತ್ತಕ್ಕೆ ಇಳಿದಿದೆ, ಆದರೆ ಊಟ ಮುಟ್ಟುತ್ತಿಲ್ಲ. ಇನ್ನು ನಾಲ್ಕೈದು ದಿನದಲ್ಲಿ ತಿನ್ನದಿದ್ದರೆ ತಿಂಗಳಿಡೀ ಹಾಕಬೇಕಾದ ತಾಮ್ರವನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಪಾಚಿಯನ್ನು ನಾನು ಹಿಡಿದರೆ ಮುಖ ತಿರುಗಿಸುತ್ತಾರೆ. ಅವರು ಕಿತ್ತು ತಿನ್ನುತ್ತಿದ್ದದ್ದು ನಿನ್ನ ಬೆರಳಿನಿಂದ ಮಾತ್ರ.

ಅದಕ್ಕೇ ಬಾ ಎನ್ನುತ್ತಿದ್ದೇನೆ. ಮೂರು ವರ್ಷದಿಂದ ನೀನು ಯಾಕೆ ಬರುತ್ತಿಲ್ಲವೆಂದು ನನಗೆ ಗೊತ್ತು. ಐದು ವರ್ಷದ ಹಿಂದೆ ಒಂದು ದಿನ ಅಂಗಡಿ ಮುಚ್ಚುವ ಹೊತ್ತಿಗೆ ಅಪ್ಪ 'ಸಕ್ಕರೆ ಬಂದಿದೆ ಕಣೋ' ಅಂದ, ನೀನು ತೊಟ್ಟಿ ಉಜ್ಜುತ್ತ ತಲೆಯೆತ್ತದೆ 'ತಾಮ್ರ ಹಾಕಪ್ಪಾ' ಅಂದೆ. ಬೇರೆ ಯಾರ ಮನೆಯಲ್ಲಾದರೂ ಆ ಮಾತಿಗೆ ಮಗ ಕೈಯಲ್ಲಿದ್ದದ್ದು ಬಿಟ್ಟು ಓಡಿ ಬರುತ್ತಿದ್ದ. ನಮ್ಮ ಮನೆಯಲ್ಲಿ ಸಕ್ಕರೆ ಬರುವುದು ಮೀನಿಗೆ. ಎರಡು ವರ್ಷದ ಮೇಲೆ ಅಪ್ಪನ ಕಾಲಿನ ಹುಣ್ಣು ಮಾಯದೇ ಹೋದಾಗ, ಎಷ್ಟು ದಿನದಿಂದ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಕೇಳಿದರು. ನೀನು ಗೋಡೆ ಹಿಡಿದುಕೊಂಡೆ. ಅವನ ತಿಥಿ ಮುಗಿದ ಮರುದಿನವೇ ಹೊರಟೆ. ನಿನ್ನಿಂದ ಅಪ್ಪ ಹೋದನೆಂದು ನಾನಾಗಲಿ ಅಮ್ಮನಾಗಲಿ ಒಂದು ದಿನವೂ ಅಂದುಕೊಂಡಿಲ್ಲ. ನಾವು ಹೇಳಿದರೆ ನೀನು ನಂಬುವುದಿಲ್ಲ, ಅದೂ ಗೊತ್ತು.

ಅಮ್ಮನ ಆಶೀರ್ವಾದ. ಕೈಗೆ ಕೊಬ್ಬರಿಎಣ್ಣೆ ಹಚ್ಚಿಕೊಳ್ಳಬೇಕಂತೆ. ನೂರು ಕಾಲ ಚೆನ್ನಾಗಿರು.

ನಿನ್ನ ಮೇಲೆ ಕೋಪ ಮಾಡಿಕೊಳ್ಳಲು ಬಾರದ,
ಅಕ್ಕ

ವಿ.ಸೂ.: ಇದನ್ನು ಬರೆಯಲು ಧೈರ್ಯ ಸಾಲದೆ ಮೇಲಿನದನ್ನೆಲ್ಲ ಬರೆದೆ. ಮೊನ್ನೆ ತಾಮ್ರದ ಪ್ರಮಾಣ ಹುಡುಕಲು ಅಪ್ಪನ ಔಷಧಿ ಪುಸ್ತಕ ತಿರುವಿದೆ. ನೀನು 'ತಾಮ್ರ ಹಾಕಪ್ಪಾ' ಅಂದ ವಾರದ ಪುಟದಲ್ಲಿ, ಮೀನುಗಳ ಪಟ್ಟಿಯ ಕೆಳಗೆ, ಅವನ ಕೈಬರಹ: 'ನನ್ನ ಮಾತ್ರೆ ಶುರು. ಮಗನಿಗೆ ಹೇಳಿದೆ, ಮೀನಿಗೆ ಅಂದ್ಕೊಂಡ. ತಿದ್ದಲಿಲ್ಲ. ಗೊತ್ತಾದ್ರೆ ಬಿಸ್ಕತ್ ಡಬ್ಬಿ ಬಚ್ಚಿಡ್ತಾನೆ.' ಪುಟ ಹರಿದು ಕಳಿಸಲು ಮನಸ್ಸು ಬರಲಿಲ್ಲ. ಬಂದು ಓದು.